ಕೂಡಿ ದುಡಿದವರ ಸಾಕ್ಷಿ

ನಾನು ಓದು ನಿಲ್ಲಿಸಿದ್ದು 1995ರಲ್ಲಿ, ನರೇಗಲ್ಲಿನಲ್ಲಿ, ಎಂಟನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು. ಆಮೇಲೆ ಕಲಿತದ್ದೆಲ್ಲ ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ, ಕೈಯಿಂದ. ಜಿನ್ ಯಂತ್ರದ ಸದ್ದು ಕೇಳಿ ಯಾವ ರೋಲರ್ ಸವೆದಿದೆ ಎಂದು ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಕೆಲಸದಲ್ಲಿ ಯಾರೂ ತಪ್ಪು ಹುಡುಕಿದ್ದಿಲ್ಲ. ಆದರೆ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಕಡೆ ನನ್ನ ಜೊತೆ ಕೆಲಸ ಮಾಡುವವರು ಯಾರೂ ಉಳಿಯಲಿಲ್ಲ. ಜೊತೆಯವರೊಡನೆ ಹೊಂದಿಕೊಳ್ಳಲು ಬಾರದವನಿಗೆ ಸರ್ಕಾರ ಅಂಗವಿಕಲರ ಮಾಸಾಶನ ಕೊಡುತ್ತದೆಯೇ ಎಂದು ಕೇಳಿಕೊಂಡು ನಾನು ಹೆಚ್ಚುಕಡಿಮೆ ಒಂದು ವರ್ಷ ಅಲೆದೆ. ಆ ವರ್ಷದ ಮಾತು ಇದು.

ನಮ್ಮ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಒಂದು ಜಿನ್ನಿಗೆ ಎರಡು ರೋಲರ್. ಉಕ್ಕಿನ ಸಲಾಕೆಗೆ ಚರ್ಮದ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿ ಮಾಡಿದವು. ಅವುಗಳ ಮೈಮೇಲೆ ಸುತ್ತಿಕೊಂಡು ಹೋಗುವ ಗೀರುಗಳಿರುತ್ತವೆ; ಸವೆದರೆ ಗರಗಸದಿಂದ ಮತ್ತೆ ಹೊಡೆಯಬೇಕು. ಗೀರು ಹತ್ತಿಯ ಎಳೆಯನ್ನು ಹಿಡಿದು ಎಳೆಯುತ್ತದೆ, ರೋಲರಿಗೆ ಒತ್ತಿ ನಿಂತ ಅಲಗು ಕಾಳನ್ನು ತಡೆಯುತ್ತದೆ, ನಡುವೆ ಮೇಲೆ ಕೆಳಗೆ ಆಡುವ ಇನ್ನೊಂದು ಅಲಗು ಕಾಳನ್ನು ಬಡಿದು ಉದುರಿಸುತ್ತದೆ. ಈ ಎರಡು ಅಲಗುಗಳ ಅಂತರ ಚೂರು ತಪ್ಪಿದರೂ ಕಾಳು ಒಡೆದು ಅರಳೆಯಲ್ಲಿ ಸೇರುತ್ತದೆ. ಅಂತರ ಕೂಡಿಸುವಾಗ ಒಬ್ಬ ರೋಲರನ್ನು ಕೈಯಿಂದ ತಿರುಗಿಸಿ ಹಿಡಿಯಬೇಕು. ಇನ್ನೊಬ್ಬ ಅಲಗುಗಳ ಸಂದಿಗೆ ಕೈ ಹಾಕಿ, ಗೇಜಿನ ತೆಳು ಪಟ್ಟಿ ಇಟ್ಟು, ನಟ್ ಬಿಗಿಯಬೇಕು. ಒಳಗೆ ಕೈ ಇಟ್ಟವನ ಬೆರಳು ಹೊರಗೆ ಹಿಡಿದವನ ಮೇಲೆ ಬಿಟ್ಟದ್ದು. ಹೀಗಾಗಿ ಫಿಟ್ಟರುಗಳಿಗೆ ಜೋಡಿ ಇರುತ್ತದೆ. ಮಾಲಕರು ಹಂಗಾಮಿಗೆ ಮೊದಲು ಹೇಳಿಕಳಿಸುವಾಗಲೂ ಒಬ್ಬನನ್ನು ಕರೆಯುವುದಿಲ್ಲ, ಜೋಡಿಯನ್ನು ಕರೆಯುತ್ತಾರೆ.

ನನಗೆ ಜೋಡಿ ನಿಲ್ಲುತ್ತಿರಲಿಲ್ಲ. ಮೊದಮೊದಲು ಕಾರಣ ಗೊತ್ತಿತ್ತು: ತಪ್ಪು ಮಾಡಿದವನಿಗೆ ತಪ್ಪು ಎಂದು ಮುಖಕ್ಕೇ ಹೇಳುತ್ತಿದ್ದೆ. ಆಮೇಲೆ ಅದು ಬೇರೆಯೇ ಆಯಿತು. ಅರಳೆಯನ್ನು ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನ ಹತ್ತಿರ ಇಬ್ಬರು ನಕ್ಕರೆ ನನ್ನ ಬಗ್ಗೆಯೇ ನಕ್ಕರು ಎನಿಸುತ್ತಿತ್ತು. ನಾನು ಊಟಕ್ಕೆ ಎದ್ದರೆ ಯಾರೋ ನನ್ನ ನಟ್ಟುಗಳನ್ನು ಸಡಿಲ ಮಾಡುತ್ತಾರೆ ಎನಿಸಿ, ಬುತ್ತಿ ಬಿಚ್ಚದೆ ಯಂತ್ರಗಳ ಮುಂದೆ ಕೂತಿರುತ್ತಿದ್ದೆ. ನಿದ್ದೆ ಹೋಯಿತು. ನರಗುಂದದಲ್ಲಿ ಬೇರೆ ಜೋಡಿ ಕೂಡಿಸಿಟ್ಟ ಎಂಟು ಜಿನ್ನುಗಳನ್ನು ಬಿಚ್ಚಿ ಮತ್ತೆ ಕೂಡಿಸಿದೆ. ಚೆನ್ನಾಗಿಯೇ ಕೂಡಿಸಿದೆ. ಆದರೆ ಮಿಲ್ಲು ಒಂದು ಪಾಳಿ ನಿಂತಿತು, ನನ್ನನ್ನು ಕಳಿಸಿದರು.

ಗಜೇಂದ್ರಗಡದಲ್ಲಿ ನನಗೆ ಜೋಡಿಯಾದವರು ಒಬ್ಬ ಹಿರಿಯ ಫಿಟ್ಟರ್. ಅರವತ್ತರ ಹತ್ತಿರದ ಮುಸಲ್ಮಾನರು. ಮಿಲ್ಲಿನಲ್ಲಿ ಎಲ್ಲರಿಗೂ ಅವರು ಚಾಚಾ. ಬಾಯಿ ತುಂಬ ಎಲೆ, ಮಾತು ತುಂಬ ಚೇಷ್ಟೆ. ನಾನು ಸಿಡಿದರೆ, "ತಮ್ಮಾ, ಇದು ಜಿನ್ನ ಐತಿ, ನಿನ್ನ ಮಾವನ ಮನಿ ಅಲ್ಲ, ಬಂದ ಕೂಡ್ಲೆ ಸಿಟ್ಟ ಮಾಡ್ಕೊಳ್ಳಾಕ" ಎನ್ನುತ್ತಿದ್ದರು. ಅವರೊಬ್ಬರು ಮೂರು ತಿಂಗಳು ನನ್ನನ್ನು ತಾಳಿಕೊಂಡರು.

ಆ ದಿನ ಶುಕ್ರವಾರ. ಪುರ್ತಗೇರಿ ಕಡೆಯ ಹತ್ತಿ ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲು ನಿಂತಿದ್ದವು. ಮೂರನೆಯ ಜಿನ್ನು ಕಾಳು ಒಡೆಯತೊಡಗಿತು. ಚಾಚಾ ನಮಾಜಿಗೆ ಹೋಗಿದ್ದರು. ಅರ್ಧ ತಾಸಿನಲ್ಲಿ ಬರುವವರು. ನಾನು ಕಾಯಲಿಲ್ಲ. ಬೇರೆ ಯಾರನ್ನೂ ಕರೆಯಲೂ ಇಲ್ಲ; ಕರೆದರೆ ಬೇಕೆಂದೇ ರೋಲರ್ ಬಿಡುತ್ತಾರೆ ಎಂಬ ಸಂಶಯ. ಮನುಷ್ಯನ ಬದಲಿಗೆ ರೋಲರಿಗೆ ಒಂದು ಕಟ್ಟಿಗೆಯ ತುಂಡು ಆನಿಸಿ, ಒಳಗೆ ಕೈ ಹಾಕಿದೆ. ನಟ್ಟಿಗೆ ಬಲ ಬೀಳುತ್ತಲೇ ಕಟ್ಟಿಗೆ ಜಾರಿತು. ರೋಲರ್ ಉರುಳಿ ಅಲಗು ಅದರ ಚರ್ಮವನ್ನು ಒಂದು ಗೇಣು ಸೀಳಿತು. ನನ್ನ ಬೆರಳು ಉಳಿದದ್ದು ನನ್ನ ಜಾಣತನದಿಂದಲ್ಲ.

ಚಾಚಾ ಬಂದು ಸೀಳಿದ ಚರ್ಮ ನೋಡಿ, "ನಾ ಬರೂತನಾ ತಡಕೊಳ್ಳಾಕ ಆಗ್ಲಿಲ್ಲೇನು ತಮ್ಮಾ?" ಎಂದರು. ಅವರ ಹಿಂದೆ ಯಾರೋ ನಕ್ಕರು. ನನ್ನ ಕೈಯಲ್ಲಿ ಪಾನಾ ಇತ್ತು, ನಟ್ ತಿರುಗಿಸುವ ದೊಡ್ಡ ಕಬ್ಬಿಣದ ಪಾನಾ. ಅದನ್ನು ಬೀಸಿ ಒಗೆದೆ. ಒಗೆದದ್ದು ನಗುವಿನ ಕಡೆಗೆ. ತಾಗಿದ್ದು ಚಾಚಾರ ಬಲಗೈ ಮಣಿಕಟ್ಟಿಗೆ. ಅವರು ಕೈ ಹಿಡಿದುಕೊಂಡು ಹತ್ತಿಯ ಮೇಲೆ ಕೂತರು.

ಮಾಲಕರು ಸಂಜೆ ಕರೆದು ಹೇಳಿದ್ದು ಎರಡೇ ಮಾತು. "ನಿನ್ನ ಕೈಯಾಗ ಕಸಬ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ನನಗ ಉಳದ ಮಂದಿ ಕೈನೂ ಬೇಕಲ್ಲ." ದವಾಖಾನೆಯಲ್ಲಿ ಚಾಚಾ ಏನೆಂದು ಬರೆಸಿದರೋ, ಪೊಲೀಸರು ಯಾರೂ ನನ್ನ ಮನೆಗೆ ಬರಲಿಲ್ಲ. ಸುದ್ದಿ ಮಾತ್ರ ಎಲ್ಲ ಮಿಲ್ಲುಗಳಿಗೆ ಹೋಯಿತು. ನಾನು ಬಸ್ಸಿಳಿದು ಗೇಟು ಮುಟ್ಟುವ ಮೊದಲೇ ವಾಚಮನ್ ಬೇಡವೆಂದು ಕೈ ಅಲ್ಲಾಡಿಸುತ್ತಿದ್ದ.

ನನ್ನ ಹೆಂಡತಿ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಮೊದಲು ಅದು ಅವಳ ಕೈಖರ್ಚಿಗೆ ಇತ್ತು. ಈಗ ನಾಲ್ವರ ಊಟ ಅದರ ಮೇಲೆ ಬಿತ್ತು: ನಾನು, ಅವಳು, ಮಗಳು, ಮಗ. ಬೆಳಿಗ್ಗೆ ಐದಕ್ಕೆ ರೊಟ್ಟಿ ಬಡಿಯುವ ಸದ್ದು ಶುರುವಾದರೆ ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದೆ. ಎದ್ದು ಕೂತರೆ ಅವಳ ಕಣ್ಣಿಗೆ ಬೀಳಬೇಕಾಗುತ್ತಿತ್ತು. ಹೊಲದ ಕೂಲಿಗೆ ಯಾವಗಲ್ ಎಂಬ ಊರಿಗೆ ಹೋದೆ. ಅಲ್ಲಿಯೂ ಮೂರನೆಯ ದಿನ ಜಗಳ ತೆಗೆದು ಬಂದೆ. ಒಮ್ಮೆ ಬಾವಿಯ ದಂಡೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಅದನ್ನು ಹೆಂಡತಿಗೆ ಯಾರೋ ಹೇಳಿದರು.

ಅವಳು ನನ್ನನ್ನು ಬೈಯಲಿಲ್ಲ. "ಮಂಗಳವಾರ ರೋಣದ ಸರ್ಕಾರಿ ದವಾಖಾನಿಗೆ ಮನಸಿನ ಡಾಕ್ಟರ್ ಬರ್ತಾರಂತ. ಹೋಗೂಣು" ಎಂದಳು.

"ನನಗ ಹುಚ್ಚ ಹಿಡದೈತೇನು?"

"ಹುಚ್ಚ ಹಿಡದಿದ್ರ ನಿಮ್ಮನ್ನ ಎತ್ತಿ ಒಯ್ತಿದ್ನಿ, ಕೇಳ್ತಿದ್ದಿಲ್ಲ. ಶಾಣ್ಯಾರ ಅದೀರಿ ಅಂತ ಕೇಳಾಕತ್ತೀನಿ. ನಡೀರಿ."

ವೈದ್ಯರು ನನಗಿಂತ ಚಿಕ್ಕವರು. ಸಾವಧಾನವಾಗಿ ಎಲ್ಲ ಕೇಳಿದರು. ನಟ್ ಸಡಿಲ ಮಾಡುವವರನ್ನು ಕಣ್ಣಾರೆ ಕಂಡೆಯಾ ಎಂದು ಕೇಳಿದಾಗ, ಕಂಡಿಲ್ಲ ಎಂದೆ. ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಇಂಗ್ಲಿಷಿನಲ್ಲಿ ಒಂದು ಹೆಸರು ಬರೆದು, ಕನ್ನಡದಲ್ಲಿ ಸಂಶಯದ ಕಾಯಿಲೆ ಎಂದರು. ಗುಳಿಗೆ ಕೊಟ್ಟರು. ಮೊದಲ ತಿಂಗಳು ಬರೀ ನಿದ್ದೆ, ಬಾಯೊಣಗು, ಕೈಯಲ್ಲಿ ಸಣ್ಣ ನಡುಕ. ನಡುಕ ಕಂಡು ಗುಳಿಗೆ ಬಿಟ್ಟೆ. ಫಿಟ್ಟರನ ಕೈ ನಡುಗಿದರೆ ಅವನಲ್ಲಿ ಉಳಿದದ್ದೇನು? ಹದಿನೈದು ದಿನಕ್ಕೆ ಹಿಂದಿನದೆಲ್ಲ ಮರಳಿ ಬಂತು. ಓಣಿಯವರು ನನ್ನ ಮನೆಯನ್ನೇ ನೋಡುತ್ತಾರೆ ಎನಿಸಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಕೂತೆ. ಹೆಂಡತಿ ಮತ್ತೆ ಕರೆದೊಯ್ದಳು. ವೈದ್ಯರು ಗುಳಿಗೆ ಬದಲಿಸಿದರು. ಈ ಸಲ ಬಿಡಲಿಲ್ಲ. ಸಂಶಯ ಪೂರಾ ಹೋಗಲಿಲ್ಲ. ಬಂದಾಗ, ಇದು ಸಂಶಯ ಎಂದು ನನಗೆ ಗೊತ್ತಾಗತೊಡಗಿತು. ಅಷ್ಟೇ.

ಆದರೆ ಕೆಲಸ ಸಿಗಲಿಲ್ಲ. ಗುಳಿಗೆ ತಿನ್ನುತ್ತಾನೆ ಎಂದು ತಿಳಿದ ಮೇಲಂತೂ ಇನ್ನೂ ದೂರವಿಟ್ಟರು. ಆಗ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ ಮನೆಗೆ ಬಂದ. ಅಂಗವಿಕಲರಿಗೆ ಸಿಗುವ ಸೌಲಭ್ಯಗಳ ಅರ್ಜಿ ತುಂಬಿಸುವುದು ಅವನ ಕೆಲಸ. ಪೋಲಿಯೋದಿಂದ ಒಂದು ಕಾಲು ಸಣ್ಣದು, ನಾಲಿಗೆ ಮಾತ್ರ ಬಹಳ ಚುರುಕು.

"ಅಣ್ಣಾರ, ಮನಸಿನ ಕಾಯಿಲಿಗೂ ಕಾರ್ಡ್ ಐತಿ, ಮಾಸಾಶನ ಐತಿ. ಡಾಕ್ಟರ್ ನಲವತ್ತ ಪರ್ಸೆಂಟ್ ಊನ ಐತಿ ಅಂತ ಬರಿಯಬೇಕ ಅಷ್ಟ."

"ನಂದು ಕಾಯಿಲಿ ಏನಿಲ್ಲೋ. ಮಂದಿ ಕೂಡ ಆಗಿಬರೂದಿಲ್ಲ. ಅದಕ್ಕೂ ಕೊಡ್ತಾರೇನು?"

ಅವನು ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ಕಟ್ಟೆಯ ಮೇಲಿಟ್ಟುಕೊಂಡ. "ಇದನ್ನ ನೋಡ್ರಿ. ನಾ ಡಾಕ್ಟರ್ ಖೋಲಿ ಬಾಗಲಾ ದಾಟೂದ್ರಾಗ ಇದು ತಾನ ಹೋಗಿ ಸಾಕ್ಷಿ ಹೇಳತೈತಿ. ನಿಮ್ಮದು ಹಂಗಲ್ಲ. ನಿಮ್ಮದಕ್ಕ ಮಂದಿ ಸಾಕ್ಷಿ ಬೇಕು."

ನನಗೆ ಅವಮಾನವಾಯಿತು. ಕೈಕಾಲು ಗಟ್ಟಿಯಿದ್ದವನು ಅಂಗವಿಕಲರ ಸಾಲಿನಲ್ಲಿ ನಿಲ್ಲುವುದು ಹೇಗೆ? ಒಂದು ವಾರ ಅವನಿಗೆ ಮುಖ ತೋರಿಸಲಿಲ್ಲ. ಆ ವಾರ ಹೆಂಡತಿಗೆ ಜ್ವರ ಬಂದು ಎರಡು ದಿನ ರೊಟ್ಟಿ ನಿಂತಿತು. ಮೂರನೆಯ ದಿನ ಆಧಾರ್ ಕಾರ್ಡು, ಫೋಟೋ, ದವಾಖಾನೆಯ ಚೀಟಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಅವನ ಹಿಂದೆ ಕಂಪ್ಯೂಟರ್ ಕೇಂದ್ರಕ್ಕೆ ಹೋದೆ.

ಅರ್ಜಿ ತುಂಬುವ ಹೆಣ್ಣುಮಗಳು ಪರದೆಯ ಮೇಲೆ ಒಂದು ಪಟ್ಟಿ ತೆಗೆದಳು. ಕುರುಡು, ಕಿವುಡು, ಕಾಲಿನ ಊನ, ಕುಷ್ಠ, ರಕ್ತದ ಕಾಯಿಲೆ ಹೀಗೆ ಇಪ್ಪತ್ತೊಂದು ಬಗೆ. "ಯಾವುದ್ರಿ ನಿಮ್ಮದು?" ಎಂದು ಕೇಳಿದಳು. ನನ್ನ ಹಿಂದೆ ಪಹಣಿ ತೆಗೆಸಲು ಊರವರು ನಾಲ್ಕೈದು ಮಂದಿ ನಿಂತಿದ್ದರು. ಜೊತೆಯವರೊಡನೆ ಹೊಂದಿಕೆಯಾಗದ್ದು ಆ ಪಟ್ಟಿಯಲ್ಲಿ ಇರಲಿಲ್ಲ. ಕಾರ್ಯಕರ್ತ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ: ಮಾನಸಿಕ ಅಸ್ವಸ್ಥತೆ. ಬಾಯಿಂದ ಹೇಳದೆ ತೋರಿಸಿದ್ದಕ್ಕೆ ನಾನು ಇಂದಿಗೂ ಅವನಿಗೆ ಋಣಿ.

ಮುಂದಿನ ಮಂಗಳವಾರ ವೈದ್ಯರು ಬಿಡಿಸಿ ಹೇಳಿದರು. ಅಳೆಯುವುದು ನಾಲ್ಕು ತಲೆಬರಹಗಳ ಕೆಳಗೆ. ತನ್ನ ಮೈಕೈ ತಾನು ನೋಡಿಕೊಳ್ಳುವುದು ಒಂದು. ಮಂದಿಯ ಜೊತೆ ಬೆರೆಯುವುದು ಎರಡು. ಹೇಳಿದ್ದನ್ನು ತಿಳಿದು ಮಾತಾಡುವುದು ಮೂರು. ಕೆಲಸ ನಾಲ್ಕು. ಕಾಯಿಲೆ ಎಷ್ಟು ದಿನದ್ದು ಎಂಬುದನ್ನೂ ಸೇರಿಸುತ್ತಾರೆ.

"ನೀವು ಹೇಳೋದು ಎರಡನೇದು. ಅದೊಂದರಿಂದ ನಲವತ್ತು ಆಗೋದಿಲ್ಲ" ಎಂದರು. "ಆದರೆ ನೋಡೋಣ. ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿ ಕೂರುವ ದಿನ ನಿಮ್ಮ ಮನೆಯವರು ಬರಲಿ. ನಿಮ್ಮ ಜೊತೆ ದುಡಿದವರು ಯಾರಾದರೂ ಬಂದು ಹೇಳಲಿ, ಇಲ್ಲ ಬರೆದಾದರೂ ಕೊಡಲಿ. ಕೆಲಸದ ಜಾಗದಲ್ಲಿ ನೀವು ಹೇಗಿದ್ದಿರಿ ಅಂತ ನನಗೆ ತಿಳೀಬೇಕು."

ಅಂದರೆ, ಯಾರೊಡನೆ ನನಗೆ ಆಗಿಬರಲಿಲ್ಲವೋ ಅವರ ಬಳಿಗೇ ಹೋಗಿ, ಇವನೊಡನೆ ಆಗಿಬರುವುದಿಲ್ಲ ಎಂದು ಬರೆಸಿಕೊಂಡು ಬರಬೇಕು.

ಗಜೇಂದ್ರಗಡದ ಬಸ್ಸಿಳಿದು ಮಿಲ್ಲಿನ ಎದುರಿನ ಚಹಾದಂಗಡಿಯಲ್ಲಿ ಕೂತೆ. ಒಳಗೆ ಹೋಗಲಿಲ್ಲ, ಒಳಗೆ ಚಾಚಾ ಇರುತ್ತಾರೆ ಎಂಬ ಅಳುಕು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತ ಮಧ್ಯಾಹ್ನದ ಬಿಡುವಿನವರೆಗೆ ಕಾದೆ. ಸೂಪರ್ವೈಸರನೂ ಗುಮಾಸ್ತನೂ ಚಹಾಕ್ಕೆ ಬಂದವರು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಕೈ ಎರಡನ್ನೂ ಮೇಜಿನ ಮೇಲಿಟ್ಟು, ಬಂದ ಕಾರಣ ಹೇಳಿದೆ.

ಸೂಪರ್ವೈಸರನಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾರೂ ನಾ ಚಲೋ ಅದೀನಿ ಅಂತ ಬರಸ್ಕೊಂಡ ಹೊಕ್ಕಾರ. ಕೆಟ್ಟ ಅದೀನಿ ಅಂತ ಬರಸ್ಕೊಳ್ಳಾಕ ಬಸ್ ಹತ್ತಿ ಬಂದಾಂವ ನೀನ ಮೊದಲನೇದಾಂವ ನೋಡಪಾ."

"ಕೆಟ್ಟ ಅಂತಲ್ರಿ. ಇವನ ಕೂಡ ದುಡಿಯೂದು ಯಾರಿಗೂ ಆಗೂದಿಲ್ಲ ಅಂತ. ನೀವ ಹೇಳ್ರಿ, ಸುಳ್ಳೇನು?"

"ಸುಳ್ಳಲ್ಲ."

"ಹಂಗಾರ ಬರೀರಿ."

ಗುಮಾಸ್ತ ಪೆನ್ನು ತೆಗೆದ, ಮತ್ತೆ ಕಿಸೆಗೆ ಸಿಕ್ಕಿಸಿದ. ಅವನು ವಯಸ್ಸಾದ ಮನುಷ್ಯ, ಮೂವತ್ತು ಹಂಗಾಮು ಬರೀ ಬರೆದವನು. "ಖರೇ ಇದ್ದದ್ದ ಬಾಯಿಲೆ ನೂರ ಸಲ ಹೇಳಬಹುದು. ಕಾಗದದ ಮ್ಯಾಲ ಹ್ಯಾಂಗ ಬರಿಯೂದು? ನಿನಗ ಬೆಳದ ಮಗಳ ಅದಾಳ. ನಾಳೆ ಬೀಗತನ ಮಾಡಾಕ ಬಂದವರ ಕೈಗೆ ಇದು ಸಿಕ್ಕರ?"

"ದವಾಖಾನ್ಯಾಗ ಇರತೈತ್ರಿ, ಅವರಿಗೆ ಹ್ಯಾಂಗ ಸಿಗತೈತಿ?"

"ಬರದದ್ದು ಎಲ್ಲೆಲ್ಲಿ ಹೊಕ್ಕೈತಿ ಅಂತ ನಿನಗೇನ ಗೊತ್ತು. ನಾವು ಒಬ್ಬ ಮನಶ್ಯಾನ ಬಗ್ಗೆ ಕಾಗದದ ಮ್ಯಾಲ ಕೆಟ್ಟದ್ದ ಬರಿಯೂದಿಲ್ಲ."

ನಾನು ಕೈ ಮುಗಿದೆ. ಜೀವನದಲ್ಲಿ ಆ ಮಿಲ್ಲಿನವರಿಗೆ ನಾನು ಕೈ ಮುಗಿದವನಲ್ಲ. "ಮನ್ಯಾಗ ಹೆಂಗಸಿನ ರೊಟ್ಟಿ ತಿಂದು ಕುಂತೀನ್ರಿ. ಇದೊಂದ ಮಾಡಿಕೊಡ್ರಿ."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಗುಮಾಸ್ತ, "ಇಲ್ಲೇ ಕುಂದರು" ಎಂದು ಒಳಗೆ ಹೋದ. ಮುಕ್ಕಾಲು ತಾಸಿನ ಮೇಲೆ ನಾಲ್ಕು ಮಡಿಕೆ ಮಾಡಿದ ಕಾಗದ ತಂದು ನನ್ನ ಅಂಗಿಯ ಕಿಸೆಯಲ್ಲಿ ತಾನೇ ಇಟ್ಟ. "ಎಲ್ಲಾರ ಸಹಿ ಮಾಡ್ಯಾರ. ಲಗೂ ಹೋಗು, ಬಸ್ ಬಂತು."

ಬಸ್ಸಿನಲ್ಲಿ ಬಿಚ್ಚಿ ಓದಿದೆ. ದುಂಡಗಿನ ಅಕ್ಷರ, ಮಿಲ್ಲಿನ ಶಿಕ್ಕಾ. "ಸದರಿಯವರು ನಮ್ಮಲ್ಲಿ ಫಿಟ್ಟರ್ ಆಗಿ ಕೆಲಸ ಮಾಡಿದ್ದು, ಕೆಲಸದಲ್ಲಿ ನಿಪುಣರೂ ಪ್ರಾಮಾಣಿಕರೂ ಸಹೋದ್ಯೋಗಿಗಳೊಂದಿಗೆ ಅತ್ಯಂತ ಸೌಹಾರ್ದದಿಂದ ನಡೆದುಕೊಂಡವರೂ ಆಗಿರುತ್ತಾರೆ. ಆದ ಕಾರಣ ಇವರಿಗೆ ಸರ್ಕಾರದಿಂದ ಸಿಗುವ ಎಲ್ಲ ಸೌಲಭ್ಯಗಳನ್ನು ಕೊಡಬೇಕಾಗಿ ವಿನಂತಿ." ಕೆಳಗೆ ಒಂಬತ್ತು ಸಹಿ.

ಕಾಗದವನ್ನು ಕಿಟಕಿಯಿಂದ ಹೊರಗೆ ಎಸೆಯಬೇಕೆನಿಸಿತು. ಮೊದಲು ಬಂದ ಯೋಚನೆ, ಎಲ್ಲರೂ ಕೂಡಿ ನನ್ನನ್ನು ಗೇಲಿ ಮಾಡಿದ್ದಾರೆ ಎಂದು. ಆಮೇಲೆ, ಇದು ಸಂಶಯ ಎಂದು ನನಗೆ ನಾನೇ ಹೇಳಿಕೊಂಡೆ. ಗೇಲಿಯಾಗಿರಲಿಲ್ಲ. ಅವರು ತಮ್ಮ ಕೈಲಾದ ಉಪಕಾರ ಮಾಡಿದ್ದರು. ಒಳ್ಳೆಯವನೆಂದು ಬರೆದರೆ ಸರ್ಕಾರ ಮೆಚ್ಚಿ ಕೊಡುತ್ತದೆ ಎಂದುಕೊಂಡಿದ್ದರು. ಆ ಉಪಕಾರ ನನ್ನ ಅರ್ಜಿಯ ಕುತ್ತಿಗೆ ಹಿಸುಕುವಂತಿತ್ತು.

ಮಂಡಳಿ ಕೂರಲು ನಾಲ್ಕು ದಿನ ಉಳಿದಿತ್ತು. ಮತ್ತೆ ಹೋಗಿ ಕೇಳುವ ಮುಖವಿರಲಿಲ್ಲ. ಒಂದು ಮಧ್ಯಾಹ್ನ ಹೆಂಡತಿ ರೊಟ್ಟಿ ಕೊಡಲು ಹೋದಾಗ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ನಾನೇ ಬರೆಯಲು ಕೂತೆ. ಇವರು ಜಗಳಗಂಟರು, ಯಾರನ್ನೂ ನಂಬುವುದಿಲ್ಲ, ಇವರ ಜೊತೆ ಕೆಲಸ ಅಸಾಧ್ಯ ಎಂದು ಬರೆದೆ. ಪ್ರತಿ ಮಾತೂ ನಿಜ. ನಂತರ ಅವರ ಕಾಗದ ಮುಂದಿಟ್ಟುಕೊಂಡು ಸಹಿಗಳನ್ನು ಒಂದೊಂದಾಗಿ ನಕಲು ಮಾಡಿದೆ. ನನ್ನ ಕೈ ಅಂಥ ಕೆಲಸಕ್ಕೆ ಚೆನ್ನಾಗಿಯೇ ಬಗ್ಗುತ್ತದೆ. ಎಂಟು ಸಹಿ ಆದವು. ಒಂಬತ್ತನೆಯದು ಉರ್ದುವಿನಲ್ಲಿತ್ತು.

ಚಾಚಾರ ಸಹಿ. ಅಲ್ಲಿಯವರೆಗೆ ಅದನ್ನು ಸರಿಯಾಗಿ ನೋಡಿರಲಿಲ್ಲ. ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಅವರ ಸಹಿಯನ್ನು ಮೂರು ತಿಂಗಳು ನನ್ನ ಹೆಸರಿನ ಕೆಳಗೇ ಕಂಡವನು ನಾನು; ಒಂದೇ ಎಳೆತದ, ಚಂದದ ಸಹಿ. ಈ ಕಾಗದದಲ್ಲಿ ಅದು ನಡುಗಿತ್ತು. ಎರಡು ಕಡೆ ಪೆನ್ನು ಎತ್ತಿ ಮತ್ತೆ ಇಟ್ಟ ಗುರುತು. ಕೊನೆಯ ಗೆರೆ ಕೆಳಕ್ಕೆ ಜಾರಿತ್ತು. ಮಣಿಕಟ್ಟು ನೆಟ್ಟಗೆ ಕೂಡಿಲ್ಲ ಎಂಬುದು ನನಗೆ ಆ ಗೆರೆಯಿಂದ ತಿಳಿಯಿತು. ಆ ಕೈಯಿಂದ ಅವರು, ನಾನು ಜೊತೆಯವರೊಡನೆ ಸೌಹಾರ್ದದಿಂದ ಇದ್ದೆ ಎಂದು ಸಹಿ ಹಾಕಿದ್ದರು.

ನನ್ನ ಹಾಳೆಯನ್ನು ಒಲೆಗೆ ಹಾಕಿದೆ. ಇದನ್ನು ದೊಡ್ಡ ಗುಣ ಎಂದು ಹೇಳಿಕೊಳ್ಳುವುದಿಲ್ಲ. ಹಾಕಿ ಅರ್ಧ ತಾಸಿಗೆ ಒಲೆಯ ಬೂದಿ ಕೆದಕಿ ನೋಡಿದೆ. ಮಾಸಾಶನವನ್ನೇ ಒಲೆಗೆ ಹಾಕಿದೆನೇನೋ ಎನಿಸಿತು. ಮಿಲ್ಲಿನ ಕಾಗದವನ್ನೇ ಒಯ್ಯುವುದು, ಆಗಿದ್ದನ್ನೆಲ್ಲ ಬಾಯಿಂದ ಹೇಳುವುದು ಎಂದು ನಿಶ್ಚಯ ಮಾಡಿದೆ.

ಮಂಡಳಿಯ ದಿನ ಮೂವರು ವೈದ್ಯರು ಕೂತಿದ್ದರು. ಮಾತಾಡಿದವರು ಮಂಗಳವಾರದ ವೈದ್ಯರೇ. ಕಾಗದ ಓದಿ ಹುಬ್ಬೇರಿಸಿದರು. "ಇವರು ನಿಮ್ಮ ಬಗ್ಗೆ ಭಾಳ ಚಲೋ ಬರೆದಿದ್ದಾರಲ್ಲ?"

"ಚಲೋ ಮಂದಿ ಅದಾರ್ರಿ ಅವರು. ಬರದದ್ದು ಖರೇ ಅಲ್ಲ." ಕಟ್ಟಿಗೆಯ ತುಂಡು, ಪಾನಾ, ಚಾಚಾರ ಕೈ, ಎಲ್ಲ ಹೇಳಿದೆ. ಹೆಂಡತಿ ನಿದ್ದೆಯಿಲ್ಲದ ದಿನಗಳನ್ನೂ ಚಿಲಕವನ್ನೂ ಬಾವಿಯ ದಂಡೆಯನ್ನೂ ಹೇಳಿದಳು. ವೈದ್ಯರು ಬರೆದುಕೊಳ್ಳುತ್ತ ಹೋದರು. ಎರಡನೆಯ ತಲೆಬರಹದ ಕೆಳಗೆ ಚೆನ್ನಾಗಿಯೇ ಅಂಕ ಬಿದ್ದಿರಬೇಕು.

ನಾಲ್ಕನೆಯದಕ್ಕೆ ಬಂದರು. "ಈಗ ಕೆಲಸ ಕೊಟ್ಟರೆ ಮಾಡುತ್ತೀರಾ? ಒಂದು ರೋಲರಿಗೆ ಗೀರು ಹೊಡೆಯೋಕೆ ಎಷ್ಟು ಹೊತ್ತು ಬೇಕು?"

ಇಲ್ಲಿ, ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಕಾರ್ಯಕರ್ತ ನೂರು ಸಲ ಹೇಳಿಕೊಟ್ಟಿದ್ದ. ಹೆಂಡತಿ ಬೆಂಚಿನ ಕೆಳಗೆ ನನ್ನ ತೊಡೆ ಚಿವುಟಿದಳು. ನಾನು ಎದ್ದು ನಿಂತೆ. ಗರಗಸವನ್ನು ಎಷ್ಟು ಓರೆ ಹಿಡಿಯಬೇಕು, ಚರ್ಮ ಹಸಿಯಿದ್ದರೆ ಗೀರು ಹೇಗೆ ಹರಿಯುತ್ತದೆ, ಗೀರಿನ ಆಳವನ್ನು ಉಗುರಿನಿಂದ ಹೇಗೆ ನೋಡಬೇಕು, ಎಲ್ಲವನ್ನೂ ಕೈಯಾಡಿಸಿ ತೋರಿಸಿದೆ. ನನ್ನಷ್ಟು ಸಮ ಗೀರು ಹೊಡೆಯುವವರು ಈ ಮೂರು ಊರಲ್ಲಿಲ್ಲ ಎಂದೂ ಅಂದುಬಿಟ್ಟೆ. ಇನ್ನೊಬ್ಬ ವೈದ್ಯರು ಪೆನ್ನು ಕೆಳಗಿಟ್ಟು ನನ್ನ ಕೈಗಳನ್ನೇ ನೋಡುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಒಬ್ಬರು ನನ್ನ ಕೆಲಸದ ಮಾತನ್ನು ಕೇಳಿದ್ದರು, ನನಗೆ ನಿಲ್ಲಿಸಲಾಗಲಿಲ್ಲ.

ನಲವತ್ತು ಮುಟ್ಟಲಿಲ್ಲ.

ವೈದ್ಯರು ಮೆತ್ತಗೆ ಹೇಳಿದರು. "ಕಾಯಿಲೆ ಇದೆ, ಅದನ್ನು ನಾನು ಬರೆದಿದ್ದೇನೆ. ಆದರೆ ಗುಳಿಗೆಗೆ ಬಗ್ಗಿದೆ. ಕೆಲಸದ ಕೈ ಹಾಗೇ ಉಳಿದಿದೆ. ಕಡಿಮೆ ಬಂತು ಅಂದರೆ ನೀವು ಸುಧಾರಿಸಿದ್ದೀರಿ ಅಂತ ಅರ್ಥ."

ಅಲ್ಲಿಯವರೆಗೆ ಮೆಲ್ಲಗೆ ಮಾತಾಡಿದ್ದ ಹೆಂಡತಿ ಕೇಳಿದಳು, "ಸುಧಾರಿಸ್ಯಾರ ಖರೇ ಸಾಹೇಬ್ರ. ಕೈ ಐತಿ, ಕಸಬ ಐತಿ. ಬಾಜೂಕ ನಿಲ್ಲವರು ಯಾರಿಲ್ಲ. ಅದು ನಿಮ್ಮ ಯಾವ ತಲೆಬರಹದಾಗ ಬರತೈತ್ರಿ?"

ವೈದ್ಯರು ಕಾಗದವನ್ನು ಹತ್ತಿರ ಎಳೆದುಕೊಂಡರು. ಗುಳಿಗೆಯ ಚೀಟಿ ಬರೆದರು. ಸಿಟ್ಟು ಬಂದಾಗ ಮೊದಲು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೊರಗೆ ನಡೆದುಬಿಡಿ, ಆಮೇಲೆ ಬೇಕಾದ್ದು ಯೋಚಿಸಿ ಎಂದರು.

ಬಸ್ ನಿಲ್ದಾಣದಲ್ಲಿ ಹೆಂಡತಿ ನನ್ನ ಮೇಲೆ ಸಿಟ್ಟಾಗಬಹುದೆಂದು ಕಾದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗುಳಿಗೆಯ ಚೀಟಿಯನ್ನು ಮಡಿಚಿ ಚೀಲದಲ್ಲಿಟ್ಟಳು. ನರೇಗಲ್ಲಿನ ಬಸ್ಸು ಬಂದಾಗ ಅವಳನ್ನು ಹತ್ತಿಸಿ, ನಾನು ಗಜೇಂದ್ರಗಡದ ಬಸ್ಸು ಹತ್ತಿದೆ. ಏನು ಕೇಳಬೇಕೆಂದು ಹೋದೆ ಎಂದು ಕೇಳಿದರೆ ಈಗಲೂ ಹೇಳಲಾರೆ.

ಚಾಚಾ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಕೂತಿದ್ದರು. ಬಲಗೈ ಸ್ವಲ್ಪ ಒಳಕ್ಕೆ ತಿರುಗಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾ ತಮ್ಮಾ. ಪಾನಾ ತಂದಿಲ್ಲಲ್ಲ?" ಎಂದರು.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ಏ, ಅದೆಲ್ಲ ಬ್ಯಾಡ. ಕುಂದರು. ಸರ್ಕಾರ ಏನಂತು?"

"ನೀವು ಚಲೋ ಅಂತ ಬರದ್ರಿ. ಅವರೂ ಚಲೋ ಅಂತ ಬರದು ಕಳಿಸಿದ್ರು."

ಅವರು ಬಹಳ ಹೊತ್ತು ನಕ್ಕರು. ನಾನು ನಗಲಿಲ್ಲ; ಆದರೆ ಎದೆಗೆ ಬೆಂಕಿಯೂ ಹತ್ತಲಿಲ್ಲ. ಚಪ್ಪರದ ಮೂಲೆಯಲ್ಲಿ ಮಿಲ್ಲಿನ ರೋಲರುಗಳು ಒರಗಿದ್ದವು. ಕೈ ಹೋದ ಮೇಲೆ ಮಾಲಕರು ಗೀರು ಹೊಡೆಯುವ ಕೆಲಸವನ್ನು ಮನೆಗೇ ಕಳಿಸುತ್ತಿದ್ದರಂತೆ. ಸಹಿ ಹಾಕಿದ ದಿನ ಅವರು ಮುಗಿದ ರೋಲರ್ ಒಪ್ಪಿಸಲು ಮಿಲ್ಲಿಗೆ ಹೋಗಿದ್ದರಂತೆ. ಹತ್ತಿರ ಹೋಗಿ ಬೆರಳಾಡಿಸಿದೆ. ಗೀರುಗಳು ಸೊಟ್ಟಗಿದ್ದವು, ಆಳ ಒಂದೇ ಸಮನಿರಲಿಲ್ಲ. ಮೊದಲಿನ ನಾನಾಗಿದ್ದರೆ ಅದನ್ನು ಅಲ್ಲೇ ಹೇಳುತ್ತಿದ್ದೆ. ಚಾಚಾ ತಾವೇ ಹೇಳಿದರು. "ಗರಗಸ ಒತ್ತಾಕ ಆಗವಲ್ದು. ಹಿಡಿಯಾಕ ಬರತೈತಿ, ಒತ್ತಾಕ ಬರೂದಿಲ್ಲ. ಮುಂದಿನ ವಾರದಿಂದ ಕಳಸೂದಿಲ್ಲ ಅಂದಾರ."

"ನಾ ಒತ್ತತೀನ್ರಿ. ನೀವು ಹಿಡೀರಿ."

ಅವರು ಎಲೆ ಉಗುಳಿ ಬಂದು ಕೂತರು. "ಒಂದು ಷರತ್ತ. ಕೆಲಸ ನಡದಾಗ ಮಾತಿಲ್ಲ. ನೀನೂ ಆಡಂಗಿಲ್ಲ, ನಾನೂ ಆಡಂಗಿಲ್ಲ. ಸಲಾಕಿ ಮ್ಯಾಲ ಒಂದ ಸಲ ಬಡದ್ರ ನಿಲ್ಲು, ಎರಡ ಸಲ ಬಡದ್ರ ತಿರುಗಸು. ಬಯ್ಯೂದಿದ್ರ ಕೆಲಸ ಮುಗದ ಮ್ಯಾಲ ಚಹಾ ಕುಡಕೋತ ಬೈ."

ಹಾಗೆ ಶುರುವಾಯಿತು. ಮೂರನೆಯ ದಿನವೇ ಕೆಡುವುದರಲ್ಲಿತ್ತು. ಓಣಿಯಲ್ಲಿ ಯಾರೋ ಇಬ್ಬರು ನಿಂತು ನೋಡಿ ನಕ್ಕರು. ಕಿವಿ ಬಿಸಿಯಾಯಿತು. ಸಲಾಕೆಯ ಮೇಲೆ ಒಂದು ಸಲ ಬಡಿದೆ. ಗರಗಸ ಕೆಳಗಿಟ್ಟು ಕೋಟೆ ಗುಡ್ಡದ ಬುಡದವರೆಗೆ ನಡೆದು ಹೋದೆ. ಮರಳಿ ಬರುವಾಗ ತಾಸು ಕಳೆದಿತ್ತು. ಚಾಚಾ ಎದ್ದು ಒಳಗೆ ಹೋಗಿರುತ್ತಾರೆ ಎಂದುಕೊಂಡೆ. ಅವರು ರೋಲರನ್ನು ಎರಡೂ ಮೊಣಕಾಲುಗಳ ನಡುವೆ ಹಿಡಿದುಕೊಂಡು, ಗೀರು ನಿಂತಲ್ಲಿಯೇ ನಿಲ್ಲಿಸಿಕೊಂಡು ಕೂತಿದ್ದರು. ನಾನು ಗರಗಸವನ್ನು ಗೀರಿಗೆ ಕೂಡಿಸಿ ಎರಡು ಸಲ ಬಡಿದೆ.

ಮಾಲಕರು ನಾನು ಕೈ ಹಾಕಿದ್ದನ್ನು ಗೀರು ನೋಡಿಯೇ ತಿಳಿದರಂತೆ. ಕಳಿಸುವುದನ್ನು ನಿಲ್ಲಿಸಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ರೋಣದ ಒಂದು ಮಿಲ್ಲಿನಿಂದಲೂ ಈಗ ರೋಲರ್ ಬರುತ್ತವೆ. ನರಗುಂದದವರು ಒಲ್ಲೆ ಎಂದರು. ಮಿಲ್ಲಿನ ಗೇಟಿನ ಒಳಗೆ ನನ್ನನ್ನು ಯಾರೂ ಕರೆದಿಲ್ಲ, ಕರೆಯುತ್ತಾರೆ ಎಂಬ ಭರವಸೆಯೂ ಇಲ್ಲ. ಹಂಗಾಮು ಮುಗಿದರೆ ಈ ಕೆಲಸವೂ ನಿಲ್ಲುತ್ತದೆ. ಹೆಂಡತಿ ಇನ್ನೂ ಐದಕ್ಕೇ ಏಳುತ್ತಾಳೆ.

ಈಗ ನನ್ನಲ್ಲಿ ಇರುವುದು ಇಷ್ಟು. ಮಾಸಾಶನ ಇಲ್ಲ. ನಲವತ್ತಕ್ಕೆ ಕಡಿಮೆ ಎಂದು ಬರೆದ ಪ್ರಮಾಣಪತ್ರ ಒಂದು. ದಿನಕ್ಕೆ ಎರಡು ಗುಳಿಗೆ, ತಿಂಗಳಿಗೆ ಒಂದು ಮಂಗಳವಾರ. ರೋಲರ್ ಕಳಿಸುವ ಮಿಲ್ಲು ಎರಡು. ಚಪ್ಪರದಲ್ಲಿ ಗೀರಿಗಾಗಿ ಕಾದಿರುವ ರೋಲರ್ ನಾಲ್ಕು. ಎದುರಿಗೆ ಕೂತು ಹಿಡಿಯುವವರು ಒಬ್ಬರು.